ಮೂರು ಗಂಟೆ ನಲವತ್ತೊಂದು ನಿಮಿಷ

ಮಾಂಬಳ್ಳಿಯ ಗುರುಸಿದ್ದಮ್ಮನ ಹೆಣಕ್ಕೆ ಸ್ನಾನ ಮಾಡಿಸಿದ ಯಶೋದ, ಒದ್ದೆ ಸೀರೆಯಲ್ಲೇ ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಬಂದಿದ್ದಳು.

"ಸಾ, ಅಜ್ಜಿ ತಾನಾಗಿ ಸತ್ತಿಲ್ಲ. ತುಟಿ ಒಳಗೆ ಹಲ್ಲು ನಾಟಿ ರಕ್ತ ಹೆಪ್ಗಟ್ಟದೆ. ಎಡಗೈ ಎಬ್ಬೆಟ್ಟಲ್ಲಿ ಮಸಿ. ಎಷ್ಟು ಉಜ್ಜಿದ್ರೂ ಓಗ್ಲಿಲ್ಲ."

ಶಿವನಂಜಯ್ಯ ಸರ್ವೇ ಇಲಾಖೆಯಿಂದ ನಿವೃತ್ತರಾದವರು. ಸುತ್ತಮುತ್ತ ಯಾವ ಗಂಟು ಬಿದ್ದರೂ ಜನ ಅವರ ಬಾಗಿಲಿಗೇ ಬರುತ್ತಿದ್ದರು. ಅವರು ಇನ್‌ಸ್ಪೆಕ್ಟರಿಗೆ ಫೋನು ಮಾಡಿದರು. ಹನ್ನೆರಡು ವರ್ಷದಿಂದ ಶಿವನಂಜಯ್ಯನವರ ಜೊತೆಗಿದ್ದ ಮಾದಣ್ಣ ಕಾರು ತೆಗೆದ. ಮೂವರೂ ಮಾಂಬಳ್ಳಿಗೆ ಹೊರಟರು.

ಮುದುಕಿಯನ್ನು ಸಾಕುತ್ತಿದ್ದವನು ತಮ್ಮನ ಮಗ ಶಿವರಾಜು. ರಾತ್ರಿ ಗದ್ದೆಗೆ ನೀರು ಹಾಯಿಸಲು ಹೋಗಿದ್ದೆನೆಂದ. ಯಾರೂ ನಂಬಲಿಲ್ಲ. ಇನ್ನೊಬ್ಬ, ತಂಗಿಯ ಮಗ ಮಹದೇವಪ್ರಸಾದ್, ಅಸ್ಸಾಮಿನ ದಿಬ್ರುಗಢದಲ್ಲಿ ಚಹಾ ತೋಟದ ಗುಮಾಸ್ತ. ಬೆಳಿಗ್ಗೆ ಆರಕ್ಕೆ ಶಿವರಾಜುವಿನ ಫೋನು ಹೋಗಿತ್ತು. ಮಧ್ಯಾಹ್ನ ಒಂದಕ್ಕೆ ಬಂದಿಳಿದಿದ್ದ. ಹೆಣದ ಪಕ್ಕದಲ್ಲೇ ಕೂತು, ಕಣ್ಣೊರೆಸಿಕೊಂಡ ಕೈಯಿಂದಲೇ ಚೀಲದೊಳಗಿನ ವಿಲ್ಲು ತೆಗೆದು ತೋರಿಸಿದ. "ಓದ ತಿಂಗ್ಳು ಬಂದಾಗ ದೊಡ್ಡವ್ವ ಎಬ್ಬೆಟ್ಟು ಒತ್ತಿಕೊಟ್ಟಿದ್ಲು. ಜಮೀನು ನಂಗೇ."

ಮಾದಣ್ಣನಿಗೆ ಉಗಿಯಬೇಕೆನಿಸಿತು.

"ದೂರದ ಪ್ರಯಾಣ. ಎಲ್ಲೆಲ್ಲಿ ಇಳಿದು ಹತ್ತಿದೆಯಪ್ಪ?" ಶಿವನಂಜಯ್ಯ ಮೆಲ್ಲಗೆ ಕೇಳಿದರು.

"ಎಲ್ಲೂ ಇಲ್ಲ ಸಾ. ಎಂಟಕ್ಕೆ ಇಮಾನ ಅತ್ತಿದ್ದು, ಸೀದಾ ಮೈಸೂರು. ಎರಡೂವರೆ ಸಾವಿರ ಕಿಲೋಮೀಟ್ರು, ಮೂರು ಗಂಟೆ ನಲವತ್ತೊಂದು ನಿಮಿಷ."

ಶಿವನಂಜಯ್ಯ ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದರು. ಇನ್‌ಸ್ಪೆಕ್ಟರು ಬಂದಮೇಲೆ ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿದರು.

"ಹೋದ ತಿಂಗಳ ಮಸಿ ಇವತ್ತಿನವರೆಗೆ ಬೆರಳಲ್ಲಿ ಉಳಿಯಲ್ಲ. ನಿನ್ನೆ ರಾತ್ರಿಯೇ ಯಾರೋ ಒತ್ತಿಸಿದ್ದಾರೆ. ವಿಲ್ಲು ಇರೋದು ಇವನ ಹತ್ರ. ಆದರೆ ಇವನು ಅಸ್ಸಾಮಿನಲ್ಲಿದ್ದನಂತೆ. ದಿಬ್ರುಗಢದಿಂದ ಮೈಸೂರಿಗೆ ನೇರ ವಿಮಾನವೇ ಇಲ್ಲ, ಈಗ ತಾನೇ ವಿಚಾರಿಸಿದೆ. ಎರಡು ಕಡೆ ಬದಲಾಯಿಸಬೇಕು. ಬೆಳಿಗ್ಗೆ ಹೊರಟವನು ಮಧ್ಯಾಹ್ನಕ್ಕೆ ಇಲ್ಲಿರೋಕಾಗಲ್ಲ. ಆ ನಲವತ್ತೊಂದು ನಿಮಿಷ ಮೊಬೈಲಿನಲ್ಲಿ ಸಿಗೋ ಲೆಕ್ಕ. ನಕ್ಷೆ ಮೇಲೆ ನೆಟ್ಟಗೆ ಗೆರೆ ಎಳೆದು, ವಿಮಾನದ ವೇಗದಿಂದ ಭಾಗಿಸಿರ್ತಾರೆ. ಮೂವತ್ತು ವರ್ಷ ಗೆರೆ ಎಳೆದವನು ನಾನು. ಬಂದವನು ಹಾಗೆ ಹೇಳಲ್ಲ, ಓದಿದವನು ಹೇಳ್ತಾನೆ. ಎಲ್ಲಪ್ಪ ನಿನ್ನ ಟಿಕೆಟ್ಟು?"

ಟಿಕೆಟ್ಟು ಇರಲಿಲ್ಲ. ಇನ್‌ಸ್ಪೆಕ್ಟರು ಚೀಲ ಸುರಿದಾಗ ಇನ್ನೂ ಹಸಿಯಾಗಿದ್ದ ಮಸಿಪ್ಯಾಡು ಉರುಳಿತು. ಅದನ್ನು ಸುತ್ತಿದ್ದ ದಿಂಬಿನ ಗೌಸಿನಲ್ಲಿ ರಕ್ತದ ಕಲೆ.

"ಮೊದ್ಲು ಸಾಯಿಸಿದ್ಯೋ, ಮೊದ್ಲು ಒತ್ತಿಸಿದ್ಯೋ?" ಇನ್‌ಸ್ಪೆಕ್ಟರು ಗದರಿದರು.

ಅವನು ತಲೆ ತಗ್ಗಿಸಿದ. "ಕತ್ಲಲ್ಲಿ ಕೈ ಇಡ್ಕಂಡೆ. ಶಿವರಾಜು ಅನ್ಕಂಡು ಬೆರಳು ಕೊಟ್ಲು. 'ನೀರು ಆಯ್ಸಿ ಬಂದ್ಯಾ ಮಗಾ, ಕೈ ತಣ್ಣಗದೆ' ಅಂದ್ಲು. ಆಮ್ಯಾಕೆ ನನ್ನ ದನಿ ಗುರುತು ಇಡುದ್ಲು."

ಶಿವರಾಜು ಮುಖ ಮುಚ್ಚಿಕೊಂಡು ಅತ್ತ.

ಜೀಪಿಗೆ ಹೋಗುವ ಮುನ್ನ ಮಹದೇವಪ್ರಸಾದ್ ದೊಡ್ಡವ್ವನ ಪಾದಕ್ಕೆ ಬಗ್ಗಿದ. ಮಾದಣ್ಣ ಅಡ್ಡ ನಿಂತ.

"ಮುಟ್ಬ್ಯಾಡ ಕಣ್ಲಾ. ಯಶೋದಮ್ಮ ಈಗ ತಾನೆ ತೊಳ್ದವ್ಳೆ."