ಮಂದೆಗಳ ಚೀಟಿ

ಮೇ ಕೊನೆಯ ವಾರ. ಉಣ್ಣೆ ಕತ್ತರಿಸುವ ಕೆಲಸ ಮುಗಿದು, ಆ ಕಿರ್ಗಿಜ್ ಹಳ್ಳಿಯ ನಲವತ್ತು ಮನೆಯವರು ಮರುದಿನ ಬೆಳಗಿಗೇ ಮಂದೆ ಹೊಡೆದುಕೊಂಡು ಬೆಟ್ಟದ ಹುಲ್ಲುಗಾವಲಿಗೆ ಹೊರಡುವವರಿದ್ದರು. ಚೀಟಿ ಇಲ್ಲದ ಮಂದೆಯನ್ನು ಕಣಿವೆಯ ಗೇಟಿನಲ್ಲಿ ಬಿಡುವುದಿಲ್ಲ. ಹಳ್ಳಿಯ ಕಚೇರಿಯಲ್ಲಿ ಬೇಗಿಮಾಯ್ ಅದನ್ನೇ ಪ್ರಿಂಟು ಹಾಕುತ್ತಿದ್ದಳು.

ಕಲಿಯ್ಚಾ ಅಜ್ಜಿ ತನ್ನ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದಳು. "ನನ್ನ ಮಗನ ಹೆಸರಲ್ಲಿ ಎರಡು ಪ್ರಶ್ನೆ ಚಿಹ್ನೆ ಹಾಕಿದ್ದೀಯಲ್ಲೇ. ಅವನು ಯಾರ ಮಗ ಅಂತ ನಿನ್ನ ಕಂಪ್ಯೂಟರಿಗೆ ಅನುಮಾನವಾ?"

ಬೇಗಿಮಾಯ್ ಕಡತ ತೆರೆದು ನೋಡಿದಳು. ಹಳ್ಳಿಗೆ ಹೊಸ ಹೆಸರು ಬಂದಿದ್ದರಿಂದ ಬೆಳಿಗ್ಗೆ ಚೀಟಿ ಮುದ್ರಿಸುವ ಪ್ರೋಗ್ರಾಮಿನ ಕೋಡಿನಲ್ಲಿ ಹಳೆಯದನ್ನು ತೆಗೆದು ಹೊಸದನ್ನು ಹಾಕಿದ್ದಳು. ಒಡೆಯರ ಪಟ್ಟಿಯೂ ಅದೇ ಕಡತದಲ್ಲಿತ್ತು. ಉಳಿಸುವಾಗ ಯಂತ್ರ ರಷ್ಯನ್ ಅಕ್ಷರಗಳ ಹಳೆಯ ಪಟ್ಟಿ ಹಿಡಿದಿತ್ತು. ಕಿರ್ಗಿಜ್ ಭಾಷೆಗೆ ಹೆಚ್ಚಾಗಿರುವ ಮೂರು ಅಕ್ಷರಗಳು ಅದರಲ್ಲಿಲ್ಲ. ಆ ಮೂರೂ ಎಲ್ಲೆಲ್ಲಿದ್ದವೋ ಅಲ್ಲೆಲ್ಲ ಪ್ರಶ್ನೆ ಚಿಹ್ನೆಯಾಗಿದ್ದವು. ಗಾಬರಿಯಲ್ಲಿ ಅವಳು ಎಲ್ಲ ಪ್ರಶ್ನೆ ಚಿಹ್ನೆಗಳಿಗೂ ಒಂದೇ ಅಕ್ಷರ ತುಂಬಿದಳು. ಕೋಡಿಗೆ ಬೇಕಿದ್ದ ಪ್ರಶ್ನೆ ಚಿಹ್ನೆಗಳೂ ಹೋದವು. ಪ್ರೋಗ್ರಾಂ ಏಳಲೇ ಇಲ್ಲ.

ಆಗಲೇ ದನದ ಡಾಕ್ಟರ್ ತೊಲೊನ್ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಬಂದ. ಮಂದೆಗಳ ಜೊತೆ ಹೋದರೆ ಅವನು ಇಳಿಯುವುದು ಸೆಪ್ಟೆಂಬರಿಗೇ. ಅಷ್ಟು ತಿಂಗಳನ್ನು ಬೇಗಿಮಾಯ್ ಆಗಲೇ ಬೆರಳಲ್ಲಿ ಎಣಿಸಿದ್ದಳು.

ಅವನು ಪರದೆ ನೋಡಿದ. "ಹೀಗೆ ಬದಲಿಸಿದ್ರೆ ವಾಪಸ್ ಬರಲ್ಲ. ಯಾವುದು ಯಾವ ಅಕ್ಷರ ಆಗಿತ್ತು ಅಂತ ಈಗ ಅದಕ್ಕೂ ಗೊತ್ತಿಲ್ಲ."

"ಬೈಯೋದಿದ್ರೆ ಬೇಗ ಬೈದುಬಿಡಿ."

ಅವನು ಚೀಲದಲ್ಲಿ ಸಿರಿಂಜುಗಳ ನಡುವೆ ತಡಕಾಡಿ ಪೆನ್‌ಡ್ರೈವ್ ತೆಗೆದ. "ಅಕ್ಟೋಬರಿನಲ್ಲಿ ನಿಮ್ಮಿಂದ ಇದರ ಪ್ರತಿ ಇಸ್ಕೊಂಡಿದ್ದೆ."

"ಲಸಿಕೆ ಲೆಕ್ಕಕ್ಕೆ ಅಂದಿದ್ರಿ."

"ಒಂದ್ಸಲವೂ ತೆರೆದಿಲ್ಲ. ವಾಪಸ್ ಕೊಡೋ ನೆಪದಲ್ಲಿ ಬರಬಹುದು ಅಂತ ಇಸ್ಕೊಂಡೆ." ಅವನ ಕಿವಿ ಕೆಂಪಾಗಿತ್ತು. "ಕೊಟ್ಟುಬಿಟ್ರೆ ನೆಪ ಮುಗಿಯುತ್ತಲ್ಲ ಅಂತ ಇಟ್ಕೊಂಡೆ."

"ನನಗೆ ಕಿವಿ ಕೇಳ್ಸಲ್ಲ. ನೀವು ಮಾತಾಡ್ಕೊಳ್ಳಿ," ಎಂದಳು ಬೆಂಚಿನಿಂದ ಅಜ್ಜಿ.

ಹಳೆಯ ಪ್ರತಿಯ ಇನ್ನೊಂದು ನಕಲನ್ನು ಮೊದಲು ಬೇರೆಡೆ ಇಟ್ಟರು. ತೆರೆಯುವುದೂ ಉಳಿಸುವುದೂ ಎಲ್ಲ ಭಾಷೆಯ ಅಕ್ಷರಗಳೂ ಇರುವ ಯೂನಿಕೋಡಿನಲ್ಲೇ ಆಗುವಂತೆ ಪ್ರೋಗ್ರಾಮಿಗೆ ಹೇಳಿ, ಹಳ್ಳಿಯ ಹೆಸರು ಬದಲಿಸಿದರು. ಮುಚ್ಚಿ ಮತ್ತೆ ತೆರೆದು ಅವಳು ಹುಡುಕಿದ್ದು ತೊಲೊನ್ ಎಂಬ ಹೆಸರನ್ನೇ. ಅಕ್ಷರಗಳೆಲ್ಲ ನೆಟ್ಟಗಿದ್ದವು. ಅಕ್ಟೋಬರಿನ ನಂತರ ಸೇರಿದ ಒಂಬತ್ತು ಮನೆಗಳನ್ನು ಅವನು ಹೇಳುತ್ತ ಹೋದ, ಅವಳು ಟೈಪ್ ಮಾಡುತ್ತ ಹೋದಳು. ಅವನ ಜಾಕೀಟಿನಿಂದ ಕುರಿಮರಿಯ, ಅಯೋಡಿನ್ನಿನ ವಾಸನೆ ಬರುತ್ತಿತ್ತು. ಕುರ್ಚಿ ಸರಿಸೋಣವೆಂದು ಇಬ್ಬರಿಗೂ ಅನಿಸಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಉಳಿದದ್ದು ಅವನ ಮನೆಯ ಚೀಟಿ ಮಾತ್ರ. ಬೇಗಿಮಾಯ್ ಅದನ್ನು ಅಂಗೈಯಡಿ ಒತ್ತಿ ಹಿಡಿದಳು.

"ಇದು ಕೊಟ್ರೆ ನೀವು ಹೊರಟುಹೋಗ್ತೀರಿ."

"ಕೊಡದಿದ್ರೆ ಕುರಿ ಹಸಿದಿರ್ತವೆ."

"ಇವತ್ತಿನ ಋಣ ಹೇಗೆ ತೀರಿಸ್ಲಿ?"

"ತೀರಿಸಬೇಡ. ಜುಲೈನಲ್ಲಿ ಮೇಲೆ ಬಾ. ಅಮ್ಮನಿಗೆ ನಿನ್ನ ವಿಷಯ ಹೇಳಿದೀನಿ."

"ಏನಂದ್ರು?"

"ಹುಡುಗಿಗೆ ಕುದುರೆ ಹತ್ತೋಕೆ ಬರುತ್ತಾ ಅಂದ್ಲು."

ಬೇಗಿಮಾಯ್ ಚೀಟಿಯ ಮೇಲೆ ಮೊಹರು ಒತ್ತಿ, ಶಾಯಿ ಆರಲೆಂದು ಊದಿ, ಅವನ ಕೈಗಿಟ್ಟಳು.

"ಬರುತ್ತೆ ಅಂತ ಹೇಳು. ನಿನಗಿಂತ ಚೆನ್ನಾಗಿ."