ಎಂಟನೆಯ ಸಂತೆ

"ಮತ್ತ ತಪ್ಪಿತಲ್ಲ, ಇಂದ್ರವ್ವ!"

ಐವತ್ತಾರನೆಯ ಇಸವಿ. ಕೊಣ್ಣೂರಿನ ನೇಕಾರಿಕೆ ಕೇಂದ್ರದಲ್ಲಿ ಕೇದಾರಿ ಮಾಸ್ತರರು ಅವಳ ಮಗ್ಗದ ಮೇಲೆ ಬಾಗಿದರು. ತೂತು ಕೊರೆದ ಎಂಟು ರಟ್ಟುಗಳು ಮಾಲೆಯಂತೆ ಮೇಲೆ ಸುತ್ತುತ್ತಿದ್ದವು. ಎಂಟೂ ತಿರುಗಿದರೆ ಸೀರೆಯ ದಡಿಯಲ್ಲಿ ಒಂದು ಹೂವು. ಅಲ್ಲಿ ನಿಂತು, ನೂಲಿನ ಬಣ್ಣ ಬದಲಿಸಿ, ಮತ್ತೆ ಮೊದಲಿನಿಂದ ಸುತ್ತಬೇಕು. ತಾನಾಗಿ ನಿಲ್ಲುವುದು ಮಾಲೆಗೆ ತಿಳಿಯದು, ಎಣಿಸುವವಳೇ ನಿಲ್ಲಿಸಬೇಕು. ಇಂದ್ರವ್ವ ಪ್ರತಿಸಲವೂ ಒಂದು ರಟ್ಟು ಮುಂದೆ ಹೋಗುತ್ತಿದ್ದಳು.

"ಮಗ್ಗದ ಮ್ಯಾಲ ಮೊದಲ ಕುಂತದ್ದೂ ಒಂದು ರಟ್ಟು. ಕಣ್ಣಮುಂದ ಇದ್ದದ್ದನ್ನ ಬಿಟ್ಟು ಎಣಸ್ತಿ ಯಾಕ?"

"ಕಣ್ಣಮುಂದ ಇದ್ದವರನ್ನ ಯಾರ ಎಣಸ್ತಾರ್ರಿ, ಮಾಸ್ತರ? ನೋಡ್ತಾರ."

ಮಾಸ್ತರರ ಕಿವಿ ಕೆಂಪಾಯಿತು. ಅವಳು ತುಟಿ ಕಚ್ಚಿ ನಗು ತಡೆದಳು. ಲಾಳಿ ಮಾತ್ರ ಕೈಯಿಂದ ಜಾರಿತು. ಅಂದಿನಿಂದ ಆ ತಪ್ಪನ್ನು ಅವಳು ಮಾಡಲಿಲ್ಲ.

ಮಾಸ್ತರರು ಹೆಣ್ಣು ಕೇಳಿದಾಗ, ಕಾಯಂ ನೌಕರಿಯಿಲ್ಲದವನಿಗೆ ಮಗಳನ್ನು ಕೊಡೆನೆಂದು ಅವಳ ಅಪ್ಪ ಗುಡ್ಡಪ್ಪ ಹಟ ಹಿಡಿದ. ಮೂಡಲಗಿಯ ವರನೊಬ್ಬ ಕಾದಿದ್ದ. ಹುಕ್ಕೇರಿಯಲ್ಲಿ ಎರಡು ತಿಂಗಳು ಕಲಿಸಿ ತೋರಿಸಿದರೆ ಕೇದಾರಿಗೆ ಅಲ್ಲೇ ಕಾಯಂ ಕೆಲಸವಿತ್ತು. ಅವರು ಹೊರಟದ್ದು ವಾರದ ಸಂತೆಯ ದಿನ.

"ಎಂಟ ಸಂತಿ ತಡಿ, ಇಂದ್ರಾ. ಎಂಟನೇ ಸಂತಿಗೆ ಆರ್ಡರ ಹಿಡಕೊಂಡ ಬರ್ತೀನಿ. ಬರಲಿಲ್ಲಂದ್ರ ಅಪ್ಪ ಹೇಳಿದಂಗ ಮಾಡು."

"ಎಣಸ್ತೀನ್ರಿ. ಈಗ ನನಗ ಎಣಸಾಕ ಬರ್ತೈತಿ."

ಮಾತಿನಂತೆ ಎಂಟನೆಯ ಸಂತೆಯ ಮಧ್ಯಾಹ್ನ ಕೇದಾರಿ ಬಸ್ಸಿಳಿದರು. ಗುಡ್ಡಪ್ಪನ ಬಾಗಿಲಲ್ಲಿ ಮಾವಿನ ತೋರಣ ಬಾಡಿ ಜೋತಿತ್ತು. ತವರಿಗೆ ಬಂದಿದ್ದ ಇಂದ್ರವ್ವ ಹೊರಗೆ ಬಂದಳು; ಕೊರಳಲ್ಲಿ ಹೊಸ ತಾಳಿ.

"ಇವತ್ತ ಎಂಟನೇ ಸಂತಿ..." ಎಂದರು ಕೇದಾರಿ. ಆರ್ಡರಿನ ಕಾಗದ ಕೈಯಲ್ಲೇ ಇತ್ತು.

"ಒಂಬತ್ತನೇದ್ರಿ. ಹ್ವಾದ ಸಂತಿಗೆ ದೀಪಾ ಹಚ್ಚೂತನಕ ಬಸ್ಸಿನ ಹಾದಿ ನೋಡಿದೆ. ಆಮ್ಯಾಲ ಅಪ್ಪಗ ಹೂಂ ಅಂದೆ. ಮೂರ ದಿನಕ್ಕ ತಲಿಮ್ಯಾಲ ಅಕ್ಕಿಕಾಳ ಬಿತ್ತು."

"ನಾ ಹ್ವಾದ ದಿನದ ಸಂತಿನೂ ಲೆಕ್ಕಕ್ಕ ಯಾಕ ಹಿಡದಿ?"

ಅವಳು ಮೊದಲ ಸಲ ಅವರನ್ನು ನೇರವಾಗಿ, ನಗುವಿಲ್ಲದೆ ನೋಡಿದಳು.

"ಮೊದಲ ಕುಂತದ್ದೂ ಒಂದು ಅಂತ ಕಲಿಸಿದವರ ಯಾರ್ರಿ? ಈ ಸಲ ನಾ ತಪ್ಪಲಿಲ್ರಿ, ಮಾಸ್ತರ."

ಒಳಗಿನಿಂದ ಗಂಡ ಕರೆದ. ಅವಳು ಹೋದಳು.

ಮರುವಾರ ಹುಕ್ಕೇರಿಯಲ್ಲಿ ಹೊಸ ಹುಡುಗಿಯೊಬ್ಬಳು ಮೊದಲ ರಟ್ಟನ್ನು ಬಿಟ್ಟು ಎಣಿಸಿದಳು. ದಡಿಯ ಹೂವು ಕೆಟ್ಟಿತು. ಕೇದಾರಿ ಮಾಸ್ತರರು ಬಹಳ ಹೊತ್ತು ಅದನ್ನು ನೋಡಿದರು, ತಿದ್ದಲಿಲ್ಲ.