ಮಟ್ಟೆಯ ರಾಶಿ, ಮನಸಿನ ಕಿಚ್ಚು

ಫಟಾರ್!

ಕಸದ ಆಟೋದ ಗಾಜು ಒಡೆದು ಹೇಮಾಶ್ರೀಯ ಮಡಿಲಿಗೆ ಸುರಿಯಿತು.

"ಇಳಿಯೇ ಕೆಳಗೆ! ನನ್ನ ಫ್ಯಾಕ್ಟರೀಲಿ ಏನ್ ಸುಡಬೇಕು ಅಂತ ನೀನ್ ಹೇಳ್ತೀಯಾ?" ತೆಂಗಿನ ನಾರಿನ ಫ್ಯಾಕ್ಟರಿಯ ಮಾಲೀಕ ಹೊನ್ನಯ್ಯ ಮತ್ತೆ ದೊಣ್ಣೆ ಎತ್ತಿದ.

ಹೇಮಾಶ್ರೀ ಕಣ್ಣು ಮುಚ್ಚಿದಳು. ಏಟು ಬೀಳಲಿಲ್ಲ. ಯಾರೋ ಹಿಂದಿನಿಂದ ದೊಣ್ಣೆ ಹಿಡಿದಿದ್ದರು.

"ಬ್ಯಾಡಣ್ಣ. ಹೆಣ್ಮಗಳು."

ಅವನು ಹೊಸ ಮೇಸ್ತ್ರಿ ಇಂದ್ರೇಶ್. ಹೊನ್ನಯ್ಯ ಬೈಯುತ್ತಾ ಹೋದ ಮೇಲೆ, ಸೀಟಿನ ಮೇಲಿನ ಗಾಜಿನ ಚೂರುಗಳನ್ನು ಒಂದೊಂದಾಗಿ ಆರಿಸಿ ತನ್ನ ಟವೆಲ್ಲಿಗೆ ಹಾಕಿಕೊಂಡ.

"ಈಗ ಕೂತ್ಕಳಿ."

ಅಷ್ಟೇ! ಆದರೆ ಗಾಡಿ ಗಂಡಸಿ ಊರು ದಾಟಿದರೂ ಅವಳ ಎದೆಬಡಿತ ತಹಬಂದಿಗೆ ಬರಲಿಲ್ಲ...

ಹೇಮಾಶ್ರೀ ಪಂಚಾಯ್ತಿಯ ಕಸದ ಗಾಡಿ ಓಡಿಸುವವಳು. ಆ ಫ್ಯಾಕ್ಟರಿಯಲ್ಲಿ ತೆಂಗಿನಕಾಯಿ ಸುಲಿದ ಕೊಳೆತ ಮಟ್ಟೆ, ನಾರಿನ ಪುಡಿ, ಹರಿದ ಪ್ಲಾಸ್ಟಿಕ್ ಚೀಲ ಎಲ್ಲವನ್ನೂ ಒಟ್ಟಿಗೆ ಸುಡುತ್ತಿದ್ದರು. ಹೊಗೆಗೆ ಅಲ್ಲಿನ ಹೆಂಗಸರು ಕೆಮ್ಮಿ ಕೆಮ್ಮಿ ಸೋತಿದ್ದರು. ಪ್ಲಾಸ್ಟಿಕ್ ಬೇರೆ ಇಡಿ, ಉಳಿದದ್ದು ಗೊಬ್ಬರದ ಗುಂಡಿಗೆ ಕೊಡಿ. ಅವಳು ಕೇಳುತ್ತಿದ್ದದ್ದು ಇಷ್ಟೇ.

ಬೈಗುಳ ತಿಂದರೂ ದಿನಾ ಬೆಳಿಗ್ಗೆ ಗೇಟಿನ ಬಳಿ ನಿಂತಳು. ದಿನಾ ಇಂದ್ರೇಶ್ ಮಜ್ಜಿಗೆ ತಂದಿಡುತ್ತಿದ್ದ. ನೊಣ ಬೀಳದಂತೆ ಲೋಟದ ಮೇಲೊಂದು ಎಲೆ! ಹಾಗೆ ಒಂದು ತಿಂಗಳು ಕಳೆಯಿತು.

ಆ ಶುಕ್ರವಾರ ಗೇಟು ತೆರೆದೇ ಇತ್ತು. ಗಾಡಿ ಒಳಗೆ ಹೋಗುತ್ತಿದ್ದಂತೆ ಯಂತ್ರದ ಗದ್ದಲದ ನಡುವೆ ಇಂದ್ರೇಶನ ಕೂಗು ಕೇಳಿಸಿತು.

"ಮೇಡಂ ಬಂದ್ರು! ಎಲ್ಲಾ ಸೇರಿ ಮಟ್ಟ ಹಾಕ್ರೋ!"

ಹೇಮಾಶ್ರೀ ಗಕ್ಕನೆ ಬ್ರೇಕ್ ಒತ್ತಿದಳು. 'ನನ್ನನ್ನ ಮಟ್ಟ ಹಾಕೋದಾ? ಇಷ್ಟು ದಿನದ್ದೆಲ್ಲ ಬರೀ ನಾಟಕನಾ?'

ಜಿಗಿದಿಳಿದು, ಎಲ್ಲರೆದುರು ಅವನ ಕೆನ್ನೆಗೆ ಛಟೀರನೆ ಬಾರಿಸಿದಳು.

ಇಂದ್ರೇಶ್ ದಿಗಿಲುಬಿದ್ದ. "ಯಾಕ್ರೀ...?"

ಅವಳು ಉತ್ತರಿಸುವಷ್ಟರಲ್ಲಿ ಹೊನ್ನಯ್ಯ ಕಬ್ಬಿಣದ ಸಲಾಕೆ ಹಿಡಿದು ನುಗ್ಗಿ ಬಂದ.

"ಸುಡು ಅಂದ್ರೆ, ಮಟ್ಟೆ ಎಲ್ಲಾ ಇವಳ ಗಾಡಿಗೆ ಹಾಕಿಸ್ತೀಯೇನ್ಲಾ!"

ಮಟ್ಟೆ! ಹೇಮಾಶ್ರೀ ಇಂದ್ರೇಶನ ಕಡೆ ತಿರುಗಿದಳು. 'ಅಯ್ಯೋ... ಅವರು ಹೇಳಿದ್ದು ಮಟ್ಟೆ!'

ಸಲಾಕೆ ಅವಳ ತಲೆಯತ್ತ ಬೀಸಿ ಬಂತು. ಇಂದ್ರೇಶ್ ಬಲಗೈ ಅಡ್ಡ ಕೊಟ್ಟ. ಮೂಳೆ ಲಟಕ್ಕೆಂದಿತು. ಅವನು ಮಂಡಿಯೂರಿದ, ಹೊನ್ನಯ್ಯ ಅವನ ಬೆನ್ನಿಗೆ ಒದ್ದ, ಇನ್ನೊಮ್ಮೆ ಒದ್ದ. ಆಮೇಲೆ ಬೆಂಕಿಕಡ್ಡಿ ಗೀರಿ ರಾಶಿಗೆ ಎಸೆದ. ಒಣ ನಾರು ಭಗ್ಗೆಂದಿತು.

"ಹಿಡ್ಕಳ್ರೇ ಅವ್ನ!" ಕೂಗಿದ್ದು ನಾರು ಬಿಡಿಸುವ ರಂಗಮ್ಮ. ಹತ್ತು ಹೆಂಗಸರು ಮಾಲೀಕನ ಮೇಲೆ ಬಿದ್ದರು. ಅಂಗಿ ಹರಿಯಿತು, ತುಟಿ ಒಡೆಯಿತು. "ನಿನ್ ಹೊಗೆ ಕುಡ್ದಿದ್ದು ಸಾಕು!" ಎಂದು ರಂಗಮ್ಮ ಅವನ ಎದೆ ಮೇಲೇ ಕೂತಳು.

ಹೇಮಾಶ್ರೀ ಒದ್ದೆ ಗೋಣಿಯಿಂದ ಬೆಂಕಿಯನ್ನು ಬಡಿದಳು. ಅಂಗೈ ಬೊಬ್ಬೆ ಎದ್ದರೂ ಬಡಿದಳು. ಬೆಂಕಿ ಆರುವವರೆಗೂ!

ಪೊಲೀಸರು ಹೊನ್ನಯ್ಯನನ್ನು ಕರೆದೊಯ್ದರು. ಹೇಮಾಶ್ರೀ, ಇಂದ್ರೇಶ್ ಇಬ್ಬರನ್ನೂ ಅರಸೀಕೆರೆಯ ಆಸ್ಪತ್ರೆಗೆ ಸೇರಿಸಿದರು.

ಮಧ್ಯಾಹ್ನ ರಂಗಮ್ಮ ಫೋನ್ ಮಾಡಿದಳು. "ಗಾಡಿ ತುಂಬಾ ಮಟ್ಟೆ ತುಂಬ್ಸಿದೀವಿ ಕಣವ್ವ. ಇನ್ಮೇಲೆ ಇಲ್ಲಿ ಯಾರೂ ಕಡ್ಡಿ ಗೀರಲ್ಲ. ಇಡ್ಲಿ ಕಳ್ಸಿದೀನಿ, ಇಬ್ರೂ ತಿನ್ನಿ."

ಹೇಮಾಶ್ರೀಯ ಎರಡೂ ಕೈಗೆ ಬ್ಯಾಂಡೇಜ್. ಇಂದ್ರೇಶನ ಬಲಗೈಗೆ ಪ್ಲಾಸ್ಟರಿನ ಕಟ್ಟು.

"ಗದ್ದಲದಲ್ಲಿ 'ಮಟ್ಟ ಹಾಕ್ರೋ' ಅಂತ ಕೇಳಿಸ್ತು ಕಣ್ರೀ..." ಅವಳ ಕಣ್ಣು ತುಂಬಿತು.

"ಅಷ್ಟಕ್ಕೇ ಹಲ್ಲು ಅಲ್ಲಾಡೋ ಹಂಗೆ ಬಾರಿಸೋದಾ?" ನಗಲು ಹೋಗಿ ಅವನು ನೋವಿಗೆ ಮುಖ ಕಿವುಚಿದ.

"ಬೇರೆ ಯಾರಾದ್ರೂ ಅಂದಿದ್ರೆ ಸುಮ್ನೆ ಹೋಗ್ತಿದ್ದೆ. ನೀವು ಅಂದಿದ್ದು... ತಡ್ಕೊಳ್ಳೋಕಾಗ್ಲಿಲ್ಲ."

"ಯಾಕೆ?"

"ಗೊತ್ತಿಲ್ವಾ?"

ಅವನಿಗೆ ಗೊತ್ತಿತ್ತು. "ನಂಗೂ ಅಷ್ಟೇ ಕಣ್ರೀ... ಮೊದಲ್ನೇ ದಿನದಿಂದ್ಲೇ."

ಅಷ್ಟರಲ್ಲಿ ರಂಗಮ್ಮನ ಇಡ್ಲಿ ಬಂತು. ಇಂದ್ರೇಶ್ ಇಡ್ಲಿ ಮುರಿದು ಅವಳ ತುಟಿಯ ಬಳಿ ಹಿಡಿದು, ಥಟ್ಟನೆ ಹಿಂಜರಿದ.

"ಎಡಗೈ... ತಪ್ಪಾಯ್ತೇನೋ."

ಹೇಮಾಶ್ರೀ ಕಣ್ಣೀರಿನಲ್ಲೇ ಬಾಯಿ ತೆರೆದಳು.

"ತಿನ್ನಿಸೋ... ಕೈ ವಾಸಿಯಾದ್ಮೇಲೂ ನಿಲ್ಲಿಸ್ಬೇಡ."